ನ್ಯೂಜಿಲೆಂಡ್ ಹಾಲೇಶನ ಹನ್ನೊಂದು ಸಾವಿರ ಕುರಿ

ಸಿಂಗಟಗೆರೆಯ ಹಾಲೇಶ ನ್ಯೂಜಿಲೆಂಡಿನಲ್ಲಿ ಒಂದೇ ಬೆಳಗ್ಗೆ, ಅದೂ ಕಾಫಿ ಕುಡಿಯುವುದಕ್ಕೆ ಮುಂಚೆ, ಹನ್ನೊಂದು ಸಾವಿರದ ನಾನೂರು ಕುರಿಗಳ ಉಣ್ಣೆ ಕತ್ತರಿಸಿದ್ದ. ಆ ಉಣ್ಣೆ ಗಾಳಿಗೆ ಎದ್ದು ಮೋಡವಾಗಿ, ಮೋಡ ಸಮುದ್ರ ದಾಟಿ, ದಾರಿ ಕೇಳಿಕೊಂಡು ಕಡೂರು ತಾಲ್ಲೂಕಿಗೇ ಬಂದು, ಅಕ್ಕಪಕ್ಕದ ಯಾವ ಊರಿಗೂ ಒಂದು ಹನಿ ಉದುರಿಸದೆ, ನೆಟ್ಟಗೆ ಸಿಂಗಟಗೆರೆ ಕೆರೆಯ ನೆತ್ತಿಯ ಮೇಲೆ ನಿಂತು ಕೋಡಿ ಬೀಳುವ ತನಕ ಸುರಿಯಿತು. ಅನುಮಾನವಿದ್ದವರು ಕೆರೆಯನ್ನೇ ಕೇಳಬಹುದು. ಕೆರೆ ಇವತ್ತಿನವರೆಗೂ ಅಲ್ಲ ಅಂದಿಲ್ಲ.

ಈ ಕತೆಯನ್ನು ಊರಿಗೆ ಹೇಳಿದವನು ಹಾಲೇಶನೇ ಆದ್ದರಿಂದ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೋದ ಯುಗಾದಿಯಲ್ಲಿ ಆ ಕುರಿಗಳು ಬರೀ ನಾನೂರು ಇದ್ದವು. ಶ್ರಾವಣದ ಹೊತ್ತಿಗೆ ಎರಡು ಸಾವಿರವಾದವು. ದೀಪಾವಳಿ ದಾಟಿದ ಮೇಲಂತೂ ಹಾಲೇಶನ ಬಾಯಲ್ಲೇ ಮರಿ ಹಾಕುತ್ತಾ ಹಾಕುತ್ತಾ ಹನ್ನೊಂದು ಸಾವಿರಕ್ಕೆ ಮುಟ್ಟಿದವು. ಮೇವು ಬೇಡದ, ರೋಗ ಬಾರದ ಅಂಥ ಹಿಂಡು ಮೂರು ತಾಲ್ಲೂಕಿನಲ್ಲಿ ಯಾರಿಗೂ ಇರಲಿಲ್ಲ.

ಅವನು ಅಲ್ಲಿದ್ದದ್ದು ಹನ್ನೊಂದು ತಿಂಗಳು. "ಅಲ್ಲಿ ದಿನ ಉದ್ದ ಕಣ್ರೀ, ನಮ್ಮ ಲೆಕ್ಕದಲ್ಲಿ ಹನ್ನೊಂದು ವರ್ಷ," ಎನ್ನುತ್ತಿದ್ದ. ಬಂದವನೇ ಒಂದು ಲಗೇಜ್ ಆಟೋ ಇಟ್ಟು, ಹಿಂದೆ ಮುಂದೆ 'ನ್ಯೂಜಿಲೆಂಡ್ ಗೂಡ್ಸ್' ಎಂದು ಬರೆಸಿ, ತರೀಕೆರೆ, ಅಜ್ಜಂಪುರ, ಕಡೂರಿನ ಸಂತೆಗಳಿಗೆ ಕುರಿ ಸಾಗಿಸುತ್ತಿದ್ದ. ತಲೆಯ ಮೇಲೆ ಹನ್ನೆರಡು ತಿಂಗಳೂ ಒಂದು ಬಿಳಿ ಉಣ್ಣೆಯ ಟೋಪಿ. ಅಲ್ಲಿನ ಯಜಮಾನಿ ಬೀಳ್ಕೊಡುವಾಗ ಅಳುತ್ತಾ ಅಳುತ್ತಾ ತನ್ನ ಕೈಯಾರೆ ಹೆಣೆದು ತೊಡಿಸಿದ್ದಂತೆ. ಏಪ್ರಿಲ್ ಬಿಸಿಲಿಗೆ ಕಾಗೆಗಳು ನೆರಳು ಹುಡುಕಿಕೊಂಡು ಹಾರುವುದನ್ನೇ ಬಿಟ್ಟು ನಡೆದುಕೊಂಡು ಹೋಗುತ್ತಿದ್ದಾಗಲೂ ಹಾಲೇಶ ಟೋಪಿ ತೆಗೆಯಲಿಲ್ಲ. ಬೆವರು ಕಿವಿಯ ಹಿಂದಿನಿಂದ ಕಾಲುವೆ ಮಾಡಿಕೊಂಡು ಹರಿಯುತ್ತಿತ್ತು. ಆ ನೀರಿಗೆ ಎರಡು ಎಕರೆ ರಾಗಿ ಬೆಳೆಯಬಹುದಿತ್ತು.

ಒಂದು ಗುರುವಾರ ಬಸ್‌ಸ್ಟ್ಯಾಂಡಿನ ಯೋಗಾನಂದನ ಟೀ ಅಂಗಡಿಯಲ್ಲಿ ಬೆಂಚು ತುಂಬಿತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತಿದ್ದ ಬೀರಯ್ಯ, ಊರಿನ ಅತಿ ದೊಡ್ಡ ಹಿಂಡಿನ ಯಜಮಾನ, ಸುಮ್ಮನೆ ಒಂದು ಕಡ್ಡಿ ಆಡಿಸಿದ.

"ಅಲ್ಲಿ ನೀರಿನ ಗತಿ ಹೆಂಗಪ್ಪಾ ಹಾಲೇಶ?"

"ನೀರಾ? ನಮ್ಮ ಹೆಬ್ಬೆ ಫಾಲ್ಸ್ ಐತಲ್ಲ, ಅಷ್ಟು ನೀರು ಅಲ್ಲಿ ಬಚ್ಚಲಿನ ನಲ್ಲೀಲಿ ಬತ್ತದೆ. ಮುಖ ತೊಳ್ಯಕ್ಕೆ ಹೋದೋರು ಕೊಚ್ಕಂಡು ಹೋಗ್ಬಿಡ್ತಾರೆ ಅಂತ ಸೊಂಟಕ್ಕೆ ಹಗ್ಗ ಕಟ್ಕಂಡೇ ಮುಖ ತೊಳ್ಯೋದು."

"ಮೇವು?"

"ಒಂದೊಂದು ಕುರಿಗೂ ಪ್ರತ್ಯೇಕ ಖಾತೆ, ಪ್ರತ್ಯೇಕ ಪಹಣಿ. ಪಕ್ಕದ ಕುರಿ ಒತ್ತುವರಿ ಮಾಡಿದ್ರೆ ಅಮಲ್ದಾರ್ರೇ ಚೈನು ಹಿಡ್ಕಂಡು ಬಂದು ಅಳೀತಾರೆ."

"ಅಂಥಾ ದೇಶ ಬಿಟ್ಟು ಯಾಕೋ ಬಂದೆ ಮತ್ತೆ?"

ಈ ಪ್ರಶ್ನೆ ಬಂದಾಗಲೆಲ್ಲ ಹಾಲೇಶ ಟೋಪಿ ಸರಿಮಾಡಿಕೊಳ್ಳುತ್ತಿದ್ದ. "ನಿನ್ನ ಚಂದದ ಮುಖ ನೋಡಕ್ಕೆ ಕಣಣ್ಣಾ," ಎಂದ. ಬೆಂಚು ನಕ್ಕಿತು. ಯೋಗಾನಂದನ ಹಾಲು ಉಕ್ಕಿತು.

ಅಷ್ಟರಲ್ಲಿ ಧನ್ಯಶ್ರೀಯ ಸ್ಕೂಟರು ಬಂತು. ಅದರ ಸದ್ದು ಬೀರೂರು ಜಂಕ್ಷನ್ನಿನಲ್ಲಿ ನಿಂತ ರೈಲಿಗೂ ಕೇಳಿಸಿ, ಸಿಗ್ನಲ್ ಬಿತ್ತು ಅಂದುಕೊಂಡು ರೈಲು ಹೊರಟುಬಿಡುತ್ತಿತ್ತು. ಧನ್ಯಶ್ರೀ ಹಾಲೇಶನ ಅಕ್ಕ ದುರ್ಗಮ್ಮನ ಮಗಳು. ಪಶುಸಂಗೋಪನೆಯಲ್ಲಿ ಡಿಪ್ಲೊಮಾ ಮಾಡಿ, ಅಜ್ಜಂಪುರದ ಕಡೆ ದನಕುರಿಗಳಿಗೆ ಲಸಿಕೆ ಹಾಕುವ ಗುತ್ತಿಗೆ ಕೆಲಸದಲ್ಲಿದ್ದಳು. ಮೊದಲ ಸಂಬಳದಲ್ಲಿ ನಾಲ್ಕು ಕುರಿ ಕೊಂಡವಳು ಈಗ ಮೂವತ್ತೆರಡರ ಒಡತಿ. ಒಂದೊಂದನ್ನೂ ಮುಖ ನೋಡಿ ಹೆಸರು ಹೇಳುತ್ತಿದ್ದಳು.

"ಮಾವ, ನ್ಯೂಜಿಲೆಂಡಿಂದ ಕೆಲಸ ಬಂದಿದೆ. ಕುರಿ ಫಾರ್ಮು. ಮೂರು ವರ್ಷ. ಸೋಮವಾರದೊಳಗೆ ಬರ್ತೀನಿ ಇಲ್ಲ ಬರಲ್ಲ ಅಂತ ಹೇಳ್ಬೇಕು." ಅವಳು ಬೆಂಚಿನ ತುದಿಯಲ್ಲಿ ಕೂತಳು. "ಹೋದ್ರೆ ಇಲ್ಲಿ ಕೆಲಸ ಬಿಡ್ಬೇಕು, ಕುರಿ ಮಾರ್ಬೇಕು. ಬೀರಯ್ಯಜ್ಜ ತಗೋತೀನಿ ಅಂದಿದ್ದಾರೆ. ಇಂಟರ್‌ನೆಟ್ಟಲ್ಲಿ ಕೆಲವರು ಖರ್ಚಿಗೇ ಸರಿಹೋಗುತ್ತೆ ಅಂತಾರೆ, ಕೆಲವರು ಚಿನ್ನ ಅಂತಾರೆ. ಅಮ್ಮ ಮಾತ್ರ ನಿನ್ನ ಮಾವ ಏನು ಹೇಳ್ತಾನೋ ಅದೇ ಅಂದುಬಿಟ್ಟಿದ್ದಾಳೆ. ಹೇಳು, ಹೋಗ್ಲಾ ಬೇಡ್ವಾ?"

ಹಾಲೇಶನ ಎದೆ ಟೋಪಿಗಿಂತ ದೊಡ್ಡದಾಗಿ ಉಬ್ಬಿತು. "ಕೇಳ್ತೀಯಲ್ಲವ್ವಾ! ಕಣ್ಮುಚ್ಕಂಡು ಹೋಗು."

"ಬಾಡಿಗೆ?"

"ಬಾಡಿಗೆನಾ? ಮನೆಯೋರೇ ನಮಗೆ ಕೊಡ್ತಾರೆ, ದಯವಿಟ್ಟು ಇರಿ ಅಂತ."

ಧನ್ಯಶ್ರೀ ಮೊಬೈಲಿನಲ್ಲಿ ಟೈಪ್ ಮಾಡಿಕೊಂಡಳು. ಬಾಡಿಗೆ ಇಲ್ಲ.

"ಚಳಿ?"

"ನಮ್ಮ ತರೀಕೆರೆ ಮಾಗಿ ಚಳಿ ಅದರ ಅಜ್ಜ."

ಚಳಿ ಇಲ್ಲ, ಎಂದು ಬರೆದುಕೊಂಡಳು. ಹಾಲೇಶನಿಗೆ ಮೊದಲ ಸಲ ಏನೋ ಒಂಥರಾ ಆಯಿತು. ಇಷ್ಟು ವರ್ಷ ಅವನ ಮಾತು ಕೇಳಿದವರು ನಕ್ಕು ಟೀ ಕುಡಿದು ಎದ್ದು ಹೋಗುತ್ತಿದ್ದರು. ಬರೆದುಕೊಂಡವರು ಯಾರೂ ಇರಲಿಲ್ಲ.

"ಕುರಿ ಮೈ ತೊಳೆಯೋ ಕೆಲಸಾನೂ ಇರುತ್ತಾ ಮಾವ?"

ಟೀ ಹಾಲೇಶನ ಮೂಗಿನಿಂದ ಬಂತು. "ಅದಕ್ಕೆ... ಅದಕ್ಕೆಲ್ಲ ಬೇರೆ ಆಳು ಇರ್ತಾರೆ. ಎಲ್ಲಿ, ಕಾಗದ ತೋರ್ಸು."

ಅವಳು ಮೊಬೈಲ್ ತಿರುಗಿಸಿದಳು. ಕಾಗದದ ನೆತ್ತಿಯಲ್ಲಿ ಒಂದು ನೀಲಿ ಗೇಟು. ಗೇಟಿನ ಮೇಲೆ ಸುರುಳಿ ಕೊಂಬಿನ ಟಗರಿನ ತಲೆ. ಆ ಟಗರು ಹಾಲೇಶನನ್ನು ನೋಡಿತು. ಹಾಲೇಶ ಟಗರನ್ನು ನೋಡಿದ. ಇಬ್ಬರಿಗೂ ಹಳೆಯ ಪರಿಚಯ. ಅದೇ ಫಾರ್ಮು, ಅದೇ ಯಜಮಾನಿ. ಕಡೂರಿನಲ್ಲಿ ಕಳಿಸುವ ಏಜೆಂಟು ಇರುವವನೇ ಒಬ್ಬ, ಮಹೇಂದ್ರ. ಅವನಿಗೆ ಗೊತ್ತಿರುವುದೂ ಒಂದೇ ಗೇಟು. ಇವಳು ಅಲ್ಲಿಗೆ ಹೋಗಿ ನಾನು ಹಾಲೇಶನ ಅಕ್ಕನ ಮಗಳು ಅಂದರೆ ಮುಗಿಯಿತು.

"ಹೋಗ್ಬೇಡ," ಎಂದ ಹಾಲೇಶ.

"ಏನು?"

"ಬೇಡ ಕಣವ್ವಾ. ಯೋಚ್ನೆ ಮಾಡಿದೆ. ಅಲ್ಲಿ ಚಳಿಗೆ ಮಾತು ಬಾಯಿಂದ ಆಚೆ ಬರೋದ್ರೊಳಗೆ ಹೆಪ್ಪುಗಟ್ಟಿ ನೆಲಕ್ಕೆ ಬೀಳ್ತವೆ. ಸಾಯಂಕಾಲ ಮನೆಗೆ ತಂದು ಒಲೆ ಮೇಲಿಟ್ಟು ಕರಗಿಸ್ಕಂಡು ಯಾರು ಏನಂದ್ರು ಅಂತ ಕೇಳಿಸ್ಕಬೇಕು. ಬಾಡಿಗೆಗೆ ಸಂಬಳ ಸಾಲದೆ ಕಿಡ್ನಿ ಕೇಳ್ತಾರೆ. ಕುರಿಗಳು ಕಚ್ತವೆ. ಒಂದು ಟಗರು ನನ್ನನ್ನ ಮರ ಹತ್ತಿಸಿ ಮೂರು ದಿನ ಕೆಳಗೆ ಕಾವಲು ಕೂತಿತ್ತು."

ಬೀರಯ್ಯ ತನ್ನ ಲೋಟದೊಳಗೆ ಇಣುಕಿ ನೋಡಿದ.

"ಅರ್ಧ ಲೋಟ ಟೀ ಮುಗ್ಯೋದ್ರೊಳಗೆ ಆ ದೇಶ ಇಷ್ಟು ಹಾಳಾಗೋಯ್ತಲ್ಲೋ ಹಾಲೇಶ," ಎಂದ.

ಧನ್ಯಶ್ರೀ ಬರೆದುಕೊಂಡಿದ್ದನ್ನೆಲ್ಲ ಅಳಿಸಿದಳು. ಸಿಟ್ಟು ಮಾಡಿಕೊಂಡಂತೆ ಕಾಣಲಿಲ್ಲ. ಅದೇ ಹಾಲೇಶನಿಗೆ ಹೆಚ್ಚು ಭಯ ಹುಟ್ಟಿಸಿತು. "ಭಾನುವಾರ ನನ್ನ ಕುರಿ ಉಣ್ಣೆ ಕತ್ತರಿಸೋದಿದೆ, ಕೆರೆ ಹತ್ರ," ಎಂದಳು. "ಅಜ್ಜಂಪುರದಿಂದ ಕರೆಂಟಿನ ಮಷೀನು ಇಸ್ಕೊಂಡು ಬರ್ತೀನಿ. ನೀನು ಅಲ್ಲಿ ಕತ್ತರಿಸ್ತಿದ್ದ ಹಾಗೆ ಒಂದು ಕುರಿ ಕತ್ತರಿಸಿ ತೋರ್ಸು ಮಾವ. ಅದನ್ನ ನೋಡಿ ನಾನೇ ತೀರ್ಮಾನ ಮಾಡ್ತೀನಿ."

"ಒಂದ್ಯಾಕೆ, ಮೂವತ್ತೆರಡೂ ತೋರಿಸ್ತಾನೆ!" ಯೋಗಾನಂದ ಕೂಗಿದ. "ಟೀ ಪುಡಿ ನೆನೆಯೋ ಹೊತ್ತಿಗೆ ಮುಗಿಸ್ತಾನೆ!"

ಆ ಮೂರು ದಿನ ಹಾಲೇಶ ದೇವರಿಗೆ ಕೊಟ್ಟ ಕಾಟವನ್ನು ಯಾವ ಭಕ್ತನೂ ಕೊಟ್ಟಿರಲಿಕ್ಕಿಲ್ಲ. ಮಳೆ ಬರಲಿ ಅಂದ, ಮಷೀನು ಕೆಡಲಿ ಅಂದ, ಆಟೋ ಕೆಡಲಿ ಅಂದ. ಆಟೋ ಮಾತ್ರ ಕೆಟ್ಟಿತು. ಸಾಲದ್ದಕ್ಕೆ ದುರ್ಗಮ್ಮನ ಫೋನು. "ಹಾಲ, ಈ ಹುಡುಗಿ ಬಾಯಿಬಿಟ್ಟು ಹೇಳಲ್ಲ, ಅದಕ್ಕೆ ಹೋಗೋ ಆಸೆ ಐತೆ. ಹೆದರಿಕೇನೂ ಐತೆ. ನೀನು ಕಣ್ಣಾರೆ ಕಂಡೋನು. ಸುಮ್ಮನೆ ಏನೋ ಒಂದು ಅಂದ್ಬಿಡ್ಬೇಡ ಕಣಪ್ಪಾ." ಹಾಲೇಶ ಹೂಂ ಅಂದ.

ಭಾನುವಾರ ಬೆಳಗ್ಗೆ ಸಿಂಗಟಗೆರೆ ಕೆರೆ ದಂಡೆಯ ಮೇಲೆ ಅರ್ಧ ಊರು ಸೇರಿತು. ಹಾಲೇಶನ ಲೆಕ್ಕದಲ್ಲಿ ನಲವತ್ತು ಸಾವಿರ ಜನ. ಪದ್ಧತಿಯಂತೆ ಮೊದಲು ಕುರಿಗಳನ್ನು ಕೆರೆಗಿಳಿಸಿದರು. ಆ ಸೀಮೆಯಲ್ಲಿ ಮೈ ತೊಳೆಯದ ಕುರಿಗೆ ಕತ್ತರಿ ಹಾಕುವುದು ಅಂದರೆ ಮುಖ ತೊಳೆಯದೆ ಮದುವೆ ಮನೆಗೆ ಹೋದ ಹಾಗೆ. ಒಂದೊಂದನ್ನೂ ನೀರಲ್ಲಿ ನಿಲ್ಲಿಸಿ, ಬೆನ್ನು ಹೊಟ್ಟೆ ಉಜ್ಜಿ, ಮಣ್ಣು ಮುಳ್ಳು ಬಿಡಿಸಿ, ಒಣ ಹುಲ್ಲಿನ ಮೇಲೆ ಬಿಸಿಲಿಗೆ ಬಿಟ್ಟರು. ಮಧ್ಯಾಹ್ನ ಮೈ ಗರಿಗರಿ ಒಣಗಿದ ಮೇಲೆ ಬೀರಯ್ಯ ಮೊದಲ ಕುರಿಯ ಬೆನ್ನಿಂದ ಒಂದು ಹಿಡಿ ಉಣ್ಣೆಯನ್ನು ಕತ್ತರಿಯಲ್ಲಿ ತೆಗೆದು ಬೀರೇದೇವರಿಗೆ ಅಂತ ಎತ್ತಿಟ್ಟ.

"ಇನ್ನು ನ್ಯೂಜಿಲೆಂಡಿನೋರು ಬರ್ಲಿ," ಎಂದ.

ಕೆರೆ ಪಕ್ಕದ ಪಂಪ್‌ಹೌಸಿನಿಂದ ವೈರು ಎಳೆದಿದ್ದರು. ಹಾಲೇಶನ ಕಡೆಯ ಆಸೆ ಕರೆಂಟಿನ ಮೇಲಿತ್ತು. ದಿನಕ್ಕೆ ಹದಿನೇಳು ಸಲ ಹೋಗುವ ಕರೆಂಟು ಇನ್ನೊಂದು ಸಲ ಹೋಗುವುದಕ್ಕೆ ಏನು ಕಷ್ಟ? ಆದರೆ ಅವತ್ತು ಆ ಕರೆಂಟು ಹಟ ಹಿಡಿದ ಮಗುವಿನ ಹಾಗೆ ಇದ್ದಲ್ಲೇ ಇತ್ತು. ಮಷೀನು ಗುಂಯ್ ಎಂದಿತು. ಕೈಯಲ್ಲಿ ಹಿಡಿದರೆ ಜೇನುಗೂಡು ಹಿಡಿದಂತೆ ಮೈಯೆಲ್ಲ ನಡುಗಿತು.

"ಇದು ಹಳೇ ಮಾಡಲ್ಲು," ಎಂದ ಹಾಲೇಶ.

"ಹೋದ ವರ್ಷದ್ದು ಮಾವ."

"ಅದೇ. ಅಲ್ಲಿ ಮುಂದಿನ ವರ್ಷದ್ದು ಇರ್ತದೆ."

ಧನ್ಯಶ್ರೀ ಗಂಗೆ ಎಂಬ ಕುರಿಯನ್ನು ತಂದು ಕೂರಿಸಿದಳು. ಮೂವತ್ತೆರಡರಲ್ಲಿ ಅದು ತುಂಬ ಸಾಧು. ಸಿಡಿಲು ಬಿದ್ದಾಗ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟ ಕುರಿ. ಹಾಲೇಶ ಅದರ ಎಡಪಕ್ಕೆಗೆ ಮಷೀನು ಮುಟ್ಟಿಸಿದ. ಹೇಗೋ ಮೇಲಿಂದ ಕೆಳಗೆ ಒಂದು ಗೆರೆ ಬಂತು. ಇನ್ನೊಂದು ಬಂತು. ಜನ ಓಹೋ ಎಂದರು. ಓಹೋ ಕೇಳಿದ ಹಾಲೇಶ ಹಿಗ್ಗಿ, ಜನರ ಕಡೆ ತಿರುಗಿ ಟೋಪಿ ಎತ್ತಿ ತೋರಿಸಿದ. ಆ ಗಳಿಗೆಯಲ್ಲಿ ಮಷೀನು ಗಂಗೆಯ ಕಿವಿಯ ಹತ್ತಿರ ಹೋಗಿ ಏನೋ ಹೇಳಿತು. ಏನು ಹೇಳಿತೋ ದೇವರಿಗೇ ಗೊತ್ತು, ಗಂಗೆ ಹಾಲೇಶನ ಎದೆಯ ಮೇಲೆ ಕಾಲಿಟ್ಟು ಎದ್ದಿತು. ವೈರು ಅದರ ಕಾಲಿಗೆ ಸುತ್ತಿಕೊಂಡು ಪಟ್ಟನೆ ಕಿತ್ತು ಬಂತು. ಎಡಗಡೆ ಬೋಳು, ಬಲಗಡೆ ಕಂಬಳಿ, ಹಿಂದೆ ದರದರನೆ ಮಷೀನು. ಎಡಕ್ಕೆ ನಿಂತವರು ಮೇಕೆ ಬಂತು ಮೇಕೆ ಅಂದರು, ಬಲಕ್ಕೆ ನಿಂತವರು ಕರಡಿ ಅಂದರು. ಗಂಗೆ ಬಸ್‌ಸ್ಟ್ಯಾಂಡಿನವರೆಗೂ ಓಡಿ, ಯೋಗಾನಂದನ ಅಂಗಡಿಗೆ ನುಗ್ಗಿ, ಬನ್ನಿನ ಡಬ್ಬಕ್ಕೆ ತಲೆ ಹಾಕಿ ಅಲ್ಲೇ ನಿಂತಿತು. ಅದನ್ನು ವಾಪಸ್ಸು ಕರೆತರುವುದಕ್ಕೆ ಹದಿನಾಲ್ಕು ಬನ್ನು ಬೇಕಾಯಿತು.

ಅಷ್ಟು ಹೊತ್ತೂ ಹಾಲೇಶ ಹುಲ್ಲಿನ ಮೇಲೆ ಮಲಗೇ ಇದ್ದ. ಎದ್ದರೆ ಮಾತಾಡಬೇಕಾಗುತ್ತಲ್ಲ. ಕೊನೆಗೆ ಎದ್ದು, ಟೋಪಿ ಕೊಡವಿ, ರೇಗಿದ.

"ತಪ್ಪು ನಂದಲ್ಲ! ಕುರಿ ಸರಿಯಾಗಿ ತೊಳ್ದಿಲ್ಲ ನೀವು! ನ್ಯೂಜಿಲೆಂಡಲ್ಲಿ ನಾನೇ ಖುದ್ದು ನಿಂತು ಒಂದೊಂದನ್ನೂ ಉಜ್ಜಿ ತೊಳೀತಿದ್ದೆ!"

"ಅಲ್ಲಿ ತೊಳ್ಯೋಕೆ ಬೇರೆ ಆಳು ಅಂದ್ಯಲ್ಲೋ ಮೊನ್ನೆ?" ಎಂದ ಬೀರಯ್ಯ.

ಧನ್ಯಶ್ರೀ ಗಂಗೆಯ ಬಾಯಿಂದ ಬನ್ನಿನ ಕಾಗದ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ಅಲ್ಲಿ ಕುರಿ ತೊಳೆಯೋದೇ ಇಲ್ಲ ಅಜ್ಜ. ಅಲ್ಲಿನ ಉಣ್ಣೆ ದಪ್ಪ, ಒದ್ದೆ ಆದ್ರೆ ಒಣಗೋಕೆ ದಿನಗಟ್ಟಲೆ ಬೇಕು. ಒದ್ದೆ ಕುರಿಗೆ ಮಷೀನು ಮುಟ್ಟಿಸಲ್ಲ. ಮಳೆ ಬಂದ್ರೆ ಕತ್ತರಿಸೋರು ಕೆಲಸಾನೇ ನಿಲ್ಲಿಸ್ತಾರೆ." ಆಮೇಲೆ ಮೊಬೈಲ್ ತೆಗೆದಳು. "ನನ್ನ ಕಾಗದದ ಜೊತೆ ಕೆಲಸದ ನಿಯಮಗಳ ಪಟ್ಟಿ ಬಂತು ಮಾವ. ಒಂಬತ್ತನೇದು ಮಾತ್ರ ದಪ್ಪಕ್ಷರದಲ್ಲಿದೆ. ಯಾವ ಕಾರಣಕ್ಕೂ, ಎಷ್ಟೇ ಪ್ರೀತಿ ಬಂದರೂ, ಕುರಿಗಳಿಗೆ ಸ್ನಾನ ಮಾಡಿಸಕೂಡದು. ನಂಗೆ ವಿಚಿತ್ರ ಅನ್ನಿಸ್ತು. ವಿಡಿಯೋ ಕಾಲ್‌ನಲ್ಲಿ ಯಜಮಾನಿ ಬಂದಾಗ ಕೇಳಿದೆ, ಇದೇನು ಈ ನಿಯಮ ಅಂತ. ನಿಮ್ಮೂರಿನೋನೇ ಒಬ್ಬ ಅಂತ ಶುರು ಮಾಡಿ, ನಗು ತಡೀಲಾರದೆ ಅವರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ್ರು."

ನಲವತ್ತು ಸಾವಿರ ಜನರೂ, ಅಂದರೆ ನಲವತ್ತು ಜನರೂ, ಹಾಲೇಶನ ಕಡೆ ತಿರುಗಿದರು.

"ಗುರುವಾರವೇ ಗೊತ್ತಿತ್ತಾ ನಿಂಗೆ?" ಹಾಲೇಶನ ದನಿ ಮರಿಯ ದನಿಯಾಗಿತ್ತು.

"ಮಂಗಳವಾರವೇ. ನೀನೇ ಹೇಳ್ತೀಯ ಅಂತ ಕಾದೆ. ನೀನು ಅರ್ಧ ಗಂಟೆ ಸ್ವರ್ಗ ಅಂದೆ, ಅರ್ಧ ಗಂಟೆ ನರಕ ಅಂದೆ. ಇಡೀ ತಾಲ್ಲೂಕಲ್ಲಿ ಅಲ್ಲಿಗೆ ಹೋಗಿ ಬಂದಿರೋ ನಮ್ಮೋನು ನೀನೊಬ್ಬನೇ ಮಾವ. ನಾಳೆ ನಾನು ಉತ್ತರ ಕೊಡ್ಬೇಕು. ನಾನು ಯಾರನ್ನ ಕೇಳ್ಲಿ?"

ಹಾಲೇಶ ಕೆರೆಯ ಕಡೆ ನೋಡಿದ. ಕೆರೆ ಈ ಸಲ ಅವನ ಪಕ್ಷ ವಹಿಸಲಿಲ್ಲ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಟೋಪಿ ಇಲ್ಲದ ಹಾಲೇಶನನ್ನು ಊರು ಕಂಡು ಬಹಳ ದಿನವಾಗಿತ್ತು. ನಡುನೆತ್ತಿ ಬೋಳಾಗಿತ್ತು, ಗಂಗೆಯ ಎಡಪಕ್ಕೆಯ ಹಾಗೆ.

"ನಾನೂರ ಹನ್ನೆರಡು," ಎಂದ. "ಹನ್ನೊಂದು ಸಾವಿರ ಅಲ್ಲ. ನಾನೂರ ಹನ್ನೆರಡು ಕುರಿ. ಕತ್ತರಿಸಿದ್ದಲ್ಲ. ತೊಳ್ದಿದ್ದು."

"ಎಷ್ಟು ದಿನ?" ಬೀರಯ್ಯ ಕುತೂಹಲಕ್ಕೆ ಕೇಳಿದ. ತೊಳೆಯುವ ಕೆಲಸ ಅವನಿಗೆ ಗೊತ್ತು.

"ಎರಡು ದಿನ. ಯಜಮಾನಿ ತಂಗಿ ಮನೆಗೆ ಹೋಗಿದ್ರು. ಬಂದ ಮೇಲೆ ಕತ್ತರಿಸೋರು ಎಂಟು ಜನ ಬತ್ತಾರೆ ಅಂದಿದ್ರು. ಕುರಿ ನೋಡಿದ್ರೆ ಮೈಯೆಲ್ಲ ಮಣ್ಣು. ಹೊಟ್ಟೆ ಉರೀತು ಕಣಣ್ಣಾ. ಹೊಸಬ ನಾನು, ಹೇಳ್ದೆ ಕೇಳ್ದೆ ಕೆಲಸ ಮಾಡಿಟ್ಟಿದ್ದಾನೆ ಅಂತ ಹೊಗಳ್ತಾರೆ ಅಂದ್ಕಂಡೆ. ಗುಡ್ಡದ ಕೆಳಗೆ ಒಂದು ಹೊಂಡ ಇತ್ತು. ಎಲ್ಲಾನೂ ಇಳಿಸಿದೆ. ಅವರ ಎರಡು ನಾಯಿಗಳು ದಡದ ಮೇಲೆ ಕೂತು ನನ್ನೇ ನೋಡ್ತಿದ್ವು, ಇವನಿಗೆ ಏನೋ ಆಗೈತೆ ಅಂತ. ನಾಯಿಗಳಿಗೇ ಗೊತ್ತಿತ್ತು."

ಯಾರೋ ಕಿಸಕ್ ಅಂದರು. ಬೀರಯ್ಯ ಕಣ್ಣು ಬಿಟ್ಟು ಸುಮ್ಮನಾಗಿಸಿದ.

"ಆ ಚಳಿಗೆ ಒಂದೂ ಒಣಗ್ಲಿಲ್ಲ. ಎಂಟು ಜನ ಬಂದು ಎರಡು ದಿನ ಟೀ ಕುಡ್ಕಂಡು ಕೂತ್ರು. ಮೂರನೇ ದಿನ ಮಳೇನೇ ಬಂತು. ಅವರು ಬೇರೆ ಫಾರ್ಮಿಗೆ ಹೊರಟೋದ್ರು. ಆಮೇಲೆ ನಂಗೆ ಕುರಿ ಮುಟ್ಟಕ್ಕೆ ಕೊಡ್ಲಿಲ್ಲ. ಕೊಟ್ಟಿಗೆ ಹಲಗೆ ಉಜ್ಜೋದು, ಆ ನಾಯಿಗಳಿಗೆ ಊಟ ಇಡೋದು. ಹನ್ನೊಂದು ತಿಂಗಳ ಕಾಗದ ಮುಗೀತು, ಹೊಸ ಕಾಗದ ಬರ್ಲಿಲ್ಲ."

"ಎಷ್ಟು ಕುರಿ ಕತ್ತರಿಸ್ದೆ ಮಾವ, ಒಟ್ಟು?"

"ಒಂದು. ಅದೂ ಅರ್ಧ." ಗಂಗೆಯ ಕಡೆ ನೋಡಿದ. "ಇದೇ ಅರ್ಧ."

ಈಗ ಯಾರೂ ತಡೆಯಲಿಲ್ಲ. ದಂಡೆಯೇ ನಕ್ಕಿತು. ಹಾಲೇಶನಿಗೂ ನಗು ಬಂತು, ಅದೇ ಆಶ್ಚರ್ಯ. ನಕ್ಕು ಮುಗಿಸಿ ಮೂಗು ಒರೆಸಿಕೊಂಡ.

"ನಿನ್ನ ಹೋಗ್ಬೇಡ ಅಂದಿದ್ದು ನಿನಗೋಸ್ಕರ ಅಲ್ಲ ಕಣವ್ವಾ. ಆ ಗೇಟು ನೋಡಿ ಹೆದರಿ ಅಂದಿದ್ದು. ಮೊದ್ಲು ಹೋಗು ಅಂದಿದ್ದೂ ನಿನಗೋಸ್ಕರ ಅಲ್ಲ. ಬೆಂಚು ತುಂಬಿತ್ತು, ಅದಕ್ಕೆ. ವಾಪಸ್ ಬಂದೋನು ಅಲ್ಲಿ ಕಷ್ಟ ಅಂದ್ರೆ ಯಾಕೋ ಹೋದೆ ಅಂತೀರ, ಸುಖ ಅಂದ್ರೆ ಯಾಕೋ ಬಂದೆ ಅಂತೀರ. ಕುರಿ ಲೆಕ್ಕ ಜಾಸ್ತಿ ಮಾಡಿದ್ರೆ ಮಾತ್ರ ಯಾರೂ ಏನೂ ಕೇಳ್ತಿರ್ಲಿಲ್ಲ."

ಧನ್ಯಶ್ರೀ ಅವನ ಪಕ್ಕ ಹುಲ್ಲಿನ ಮೇಲೆ ಕೂತಳು. ಮೊಬೈಲ್ ತೆಗೆಯಲಿಲ್ಲ. "ಬಾಡಿಗೆ?"

"ಸಂಬಳದಲ್ಲಿ ಹತ್ತಿರ ಹತ್ತಿರ ಅರ್ಧ. ಒಂದು ಮನೇಲಿ ಆರು ಜನ. ಮೊದ್ಲೇ ಕೇಳ್ಕೋ, ಮನೆ ಅವರು ಕೊಡ್ತಾರೋ ನೀನು ಹುಡುಕ್ಬೇಕೋ ಅಂತ. ನಾನು ಕೇಳ್ಲಿಲ್ಲ."

"ಚಳಿ?"

"ಕಿವಿ ಇದಾವೋ ಇಲ್ವೋ ಅಂತ ಮುಟ್ಟಿ ಮುಟ್ಟಿ ನೋಡ್ಕಬೇಕು."

"ಜನ?"

"ಒಳ್ಳೇರು. ಮಾತು ಕಮ್ಮಿ. ನಾನು ಕುರಿ ಹತ್ರ ಕನ್ನಡದಲ್ಲಿ ಮಾತಾಡ್ತಿದ್ದೆ. ಬೇಲಿ ಆಚೆಯಿಂದ. ಮುಟ್ಟಂಗಿರ್ಲಿಲ್ಲವಲ್ಲ."

ಅವಳು ಅವನ ಕಡೆ ತಿರುಗಿದಳು. "ಈಗ ಕರೆದ್ರೆ ಇನ್ನೊಂದ್ಸಲ ಹೋಗ್ತೀಯ?"

ಹಾಲೇಶ ಇಷ್ಟು ಹೊತ್ತು ತೆಗೆದುಕೊಂಡು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ. ಅಷ್ಟರಲ್ಲಿ ಒಂದು ಬಸ್ಸು ಬಂದು, ನಿಂತು, ಹೋಯಿತು.

"ಹೋಗ್ತೀನಿ," ಎಂದ. "ಒಂದು ವರ್ಷಕ್ಕೆ. ಮೂರು ಅಂದ್ರೆ ಬೇಡ. ಇಲ್ಲೀದೆಲ್ಲ ಮಾರ್ಕಂಡು ಅಂದ್ರಂತೂ ಬೇಡ. ನಾನು ಇದ್ದ ಹದಿನೆಂಟು ಕುರಿ ಮಾರ್ಕಂಡು ಹೋದೆ. ಬಂದು ನಿಂತಾಗ ಕೈಲಿ ಹಿಡ್ಕಳಕ್ಕೆ ಒಂದು ಹಗ್ಗ ಇರ್ಲಿಲ್ಲ ಕಣವ್ವಾ. ಅದು ಚಳಿಗಿಂತ ಕಷ್ಟ. ಕೆಲಸ ಏನೋ ನಿಂಗೆ ಬತ್ತದೆ. ನೀನು ಅವತ್ತು ಟಗರಿಗೆ ಸೂಜಿ ಹಾಕಿದ್ದು ಟಗರಿಗೇ ಗೊತ್ತಾಗ್ಲಿಲ್ಲ."

ಧನ್ಯಶ್ರೀ ಎದ್ದಳು, ಬಟ್ಟೆಯ ಹುಲ್ಲು ಕೊಡವಿಕೊಂಡಳು. "ಅಜ್ಜ, ಬೇಜಾರು ಮಾಡ್ಕೋಬೇಡಿ, ಕುರಿ ಮಾರಲ್ಲ. ಒಂದು ವರ್ಷಕ್ಕಾದ್ರೆ ಬರ್ತೀನಿ, ಮನೆ ನೀವೇ ಕೊಡ್ಬೇಕು ಅಂತ ನಾಳೆ ಆ ಯಜಮಾನಿಗೆ ಬರೀತೀನಿ. ಒಪ್ಪಿದ್ರೆ ಹೋಗೋದು, ಇಲ್ಲಾಂದ್ರೆ ಅಜ್ಜಂಪುರ ಇದ್ದೇ ಇದೆ. ಹೋದ್ರೆ ಮೂವತ್ತೆರಡೂ ಮಾವನಿಗೆ ಪಾಲಿಗೆ. ಹುಟ್ಟೋ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ನಂಗೆ."

"ಇವನಿಗಾ?" ಯೋಗಾನಂದ ಬಾಯಿ ಬಿಟ್ಟ. "ವರ್ಷ ಬಿಟ್ಟು ಬಂದ್ರೆ ಮೂವತ್ತೆರಡು ಸಾವಿರ ಅಂತಾನೆ!"

"ಇವನಿಗೇ. ಹೇಳ್ದೆ ಕೇಳ್ದೆ ನಾನೂರ ಹನ್ನೆರಡು ಕುರಿ ಉಜ್ಜಿ ತೊಳೆಯೋನು ಬೇರೆ ಯಾರಿದ್ದಾರೆ?" ಅವಳು ಹಾಲೇಶನ ಕೈಗೆ ಗಂಗೆಯ ಹಗ್ಗ ಕೊಟ್ಟಳು. "ಇವನ್ನ ಎಷ್ಟು ಸಲ ಬೇಕಾದ್ರೂ ತೊಳಿ ಮಾವ. ಮಷೀನು ಮಾತ್ರ ಮುಟ್ಬೇಡ."

ಹಾಲೇಶ ಹಗ್ಗ ಹಿಡಿದುಕೊಂಡ. ಹಿಡಿದದ್ದು ಎಷ್ಟು ಬಿಗಿ ಅಂದರೆ ಆನೆ ಎಳೆದರೂ... ಬೇಡ, ಸುಮ್ಮನೆ ಬಿಗಿಯಾಗಿ ಹಿಡಿದುಕೊಂಡ.

ಬೀರಯ್ಯ ಕತ್ತರಿ ಕೈಗೆತ್ತಿಕೊಂಡು ಗಂಗೆಯ ಬಲಪಕ್ಕೆಗೆ ಕೂತ. ನಾಲ್ಕು ಸಲ ಕತ್ತರಿ ಆಡಿಸಿ, ಏನೋ ನೆನಪಾದಂತೆ ತಲೆ ಎತ್ತಿದ.

"ಲೇ ಹಾಲೇಶ. ಹಂಗಾದ್ರೆ ಆ ಮೋಡ?"

"ಎಲ್ಲಿ ಮೋಡ ಬಿಡಣ್ಣಾ. ಆ ವರ್ಷ ಕೆರೆ ಕಾಲುಭಾಗಾನೂ ತುಂಬಿರ್ಲಿಲ್ಲ, ಅಕ್ಕಯ್ಯ ಫೋನಲ್ಲಿ ಹೇಳಿದ್ಲು."

"ಆ ಟೋಪಿ? ನಾಲ್ಕುನೂರು ಕುರಿ ನೆನೆಸಿದೋನಿಗೆ ಅತ್ತು ಅತ್ತು ಟೋಪಿ ಹೆಣೆದ್ಲೇನೋ ಆ ಯಜಮಾನಿ?"

ಹಾಲೇಶ ಟೋಪಿಯನ್ನು ಒಂದು ಸಲ ತಿರುಗಿಸಿ ನೋಡಿದ. ಇಷ್ಟು ಹೇಳಿದ ಮೇಲೆ ಇದೊಂದನ್ನು ಉಳಿಸಿಕೊಂಡು ಏನು ಮಾಡುವುದು?

"ಬೀರೂರು ಸ್ಟೇಷನ್ ಎದುರು ತಗಂಡಿದ್ದು ಕಣಣ್ಣಾ," ಎಂದ. "ರೈಲು ಇಳಿದ ಮೇಲೆ. ಉಣ್ಣೇನೂ ಅಲ್ಲ."